ಬಲಗಡೆ ಜೇಬು

...ಬ್ಯಾಡ, ನೀರು ಆಮೇಲೆ. ಮೊದ್ಲು ಬಾಗ್ಲಾಕು. ಅಗಳೀನೂ ಆಕು. ಅಂಗ್ಯಾಕ್ ನಿಂತ್ಕಂಡಿದ್ದೀಯೇ ಲೂರ್ದಮ್ಮ, ಕಟ್ಕಂಡ್ ಗಂಡನ್ನ ಇವತ್ತೇ ನೋಡ್ದಂಗೆ! ರಕ್ತಾನಾ? ನಂದಲ್ಲ ಕಣೇ. ಗುಂಡಯ್ಯಂದು. ಬಿದ್ಬುಟ್ಟ. ಬಿದ್ಬುಟ್ಟ ಅಂತ ಏಳ್ತಾ ಇಲ್ವಾ! ತೆಂಗಿನ್ಕಾಯಿ ಮಂಡೀಲಿ ಕಾಯಿ ಸುಲೀತಾ ಇದ್ವಿ, ಮಟ್ಟೆ ರಾಶಿ ಮ್ಯಾಲೆ ಕಾಲ್ ಜಾರ್ತು, ಸುಲಿಯೋ ಸಲಾಕೆ ಬುಡಕ್ಕೆ ಮೂತಿ ಬಡೀತು. ಅಷ್ಟೇಯ. ಆಟೋದಲ್ಲಿ ಆಕ್ಕಂಡು ಹಾಸನದ ಆಸ್ಪತ್ರೆಗೆ ಓದ್ರು.

ಟವಲ್ ಯಾಕ್ ನೋಡ್ತೀಯಾ? ಕೈಗೆ ಸುತ್ಕಂಡಿದ್ದೀನಿ. ಅವ್ನ ಎತ್ತಕ್ಕೋದೆ, ಸಲಾಕೆ ಗೀಚ್ತು. ಬಿಡು ಅದ್ನ.

ಈಗ ನಾನ್ ಏಳೋದ್ ಕೇಳು. ಪಾಲಾಕ್ಷಪ್ಪೋರು ಬತ್ತಾ ಅವ್ರೆ, ಪೊಲೀಸ್ ದಫೇದಾರ್ರು. ಗುಂಡಯ್ಯನ ಎಂಡ್ತಿ ಮಾಯಮ್ಮ ಓಗಿ ದೂರು ಕೊಟ್ಟವ್ಳೆ. ಚೌರಪ್ಪ ನನ್ ಗಂಡನ್ನ ಸಾಯೋ ಅಂಗ್ ಬಡ್ದ ಅಂತ! ಅವ್ಳೇನ್ ಕಂಡಿದ್ಲಾ? ಪಾಲಾಕ್ಷಪ್ಪೋರು ನಿನ್ನ ಒಂದೇ ಕೇಳ್ತಾರೆ. "ನಿನ್ ಗಂಡ ಈಗ್ಲೂ ಕೈ ಎತ್ತಾನೇನಮ್ಮ?" ನೀನು ಏನಂತೀಯಾ? "ಇಲ್ಲ ಸಾ. ಜಪಸರ ಇಡ್ದ ಮ್ಯಾಲೆ ಒಂದ್ ದಿನಾನೂ ಇಲ್ಲ." ಎಲ್ಲಿ, ಒಂದ್ಸಲ ಅನ್ನು. ಅನ್ನೇ! ನಿನ್ ಮಾತಿಗೆ ಊರಲ್ಲಿ ಬೆಲೆ ಐತೆ. ನಂದಕ್ಕಿಲ್ಲ. ನೀನು ಇಲ್ಲ ಅಂದ್ರೆ ನಾನು ಉಳ್ಕಂಡೆ. ಬಾಯ್ ಮುಚ್ಕಂಡ್ ನಿಂತ್ಕಂಡೆ ಅಂದ್ರೆ ಜೈಲು ಕಣೇ, ಜೈಲು!

ಯಾಕ್ ನಗ್ತೀಯಾ? ತುಟಿ ಸೀಳ್ಕಂಡೂ ನಗ್ತಾಳೆ ನೋಡು. ಅದಾ? ಸೋಮವಾರದ್ದಾ? ಅದು ಏಟಲ್ಲ. ನೀನು ಬಾಗ್ಲತ್ರ ಅಡ್ಡ ನಿಂತಿದ್ದೆ, ತಗಲ್ತು. ತಗಲೋದೇ ಬ್ಯಾರೆ, ವಡಿಯೋದೇ ಬ್ಯಾರೆ.

ಸುಳ್ಳು ಏಳು ಅಂತಿದ್ದೀನಾ ನಾನು? ಎಲ್ಲಿ ಸುಳ್ಳು? ನಾಕ್ ವರ್ಷ ಆಯ್ತು. ನಿನ್ ತೋಳು ಮುರ್ದಾಗ... ಸರಿ ಕಣೇ, ನಾನೇ ಮುರ್ದಿದ್ದು, ಇಲ್ಲ ಅಂದ್ನಾ? ಹಳೇಕೋಟೆಗೆ, ನಿಮ್ಮವ್ವನ ಮನೆಗೆ ಓಗ್ ಕೂತ್ಕಂಡೆ. ಫಾದರ್ ಬಂದ್ರು. ಪೀಠದ ಮುಂದೆ ಮಂಡಿ ಊರುಸ್ಬುಟ್ಟು ಈ ಜಪಸರ ಕೊಟ್ರು. "ಚೌರಪ್ಪ, ಕೋಪ ಬಂದಾಗ ಕೈ ಜೇಬಿಗೆ ಹಾಕು. ಒಂದು ಮಣಿ ಹಿಡ್ಕೊ. ಒಂದು ನಮೋ ಮರಿಯಾ ಹೇಳು. ಮಣಿ ಹಿಡಿದಿರೋ ಕೈಲಿ ಹೊಡೆಯೋಕಾಗಲ್ಲ. ಮಾತೆ ಆ ಕೈನ ಹಿಡ್ಕೊಂಡಿರ್ತಾಳೆ." ನೀನೂ ಅಲ್ಲೇ ಇದ್ದೆ, ತೋಳಿಗೆ ಪಟ್ಟಿ ಕಟ್ಕಂಡು ಅಳ್ತಾ ಇದ್ದೆ. ಅವತ್ತಿಂದ ಬಿಟ್ಟಿದ್ದೀನಾ? ಬೀಡಿ ಮರೀತೀನಿ, ಬಸ್ಸಿನ ದುಡ್ಡು ಮರೀತೀನಿ, ಜಪಸರ ಮರ್ತಿಲ್ಲ. ಮಂಡೀಲಿ ಎಲ್ರೂ ಆಡ್ಕತಾರೆ, ಕಿರಸ್ತಾನ್ರ ಚೌರ ಜೇಬಲ್ಲಿ ಇಲಿ ಸಾಕವ್ನೆ ಅಂತ. ಆಡ್ಕಳ್ಲಿ. ಮಣಿ ಎಲ್ಲಾ ಸವ್ದು ನುಣ್ಣಗಾಗವೆ, ಮುಟ್ಟಿ ನೋಡು ಬೇಕಾದ್ರೆ. ಮುಟ್ಟೇ!

ಇವತ್ತೂ ಅಂಗೇ ಮಾಡ್ದೆ. ಗುಂಡಯ್ಯ ಒಂದ್ ಮಾತಂದ. ಏನಂದ ಅಂತ ಕೇಳ್ಬ್ಯಾಡ. ಎಲ್ರ ಮುಂದೆ ಅಂದ. ಮಂಡಿ ಯಜಮಾನ್ರು ದೇವರಾಜಣ್ಣೋರ ಮುಂದೆ ಅಂದ. ಎಲ್ರೂ ನಕ್ರು ಕಣೇ. ತಲೆ ಕಾದೋಯ್ತು. ತಕ್ಷಣ ಕೈ ಜೇಬಿಗಾಕ್ದೆ. ಮಣಿ ಇಡ್ಕಂಡೆ. ಜೋರಾಗೇ ಅಂದೆ, ನಮೋ ಮರಿಯಾ. ದೇವರಾಜಣ್ಣೋರು ಕೇಳ್ಸ್ಕಂಡವ್ರೆ, ಬೇಕಾದ್ರೆ ಓಗ್ ಕೇಳು. ಬಲಗೈ ಜೇಬು ಬಿಟ್ಟು ಈಚೆ ಬರ್ನಿಲ್ಲ. ಮಾತೆ ಆಣೆಗೂ ಬರ್ನಿಲ್ಲ! ಜೇಬಲ್ಲಿ ಕೈ ಇರೋನು ಎಂಗ್ ವಡೀತಾನೆ, ನೀನೇ ಏಳು.

ಏನು? ಜೇಬ್ಯಾಕ್ ತೋರುಸ್ತೀಯಾ?

ಅದಾ... ಹೂಂ, ಜಪಸರಕ್ಕೆ ಅಂತ ನೀನು ಜೇಬು ಎಡಗಡೆ ವಲ್ದಿದ್ದೆ. ನಾನೇ ಬಿಚ್ಸಿ ಬಲಗಡೆ ಆಕುಸ್ಕಂಡೆ. ಅದ್ರಲ್ಲೇನು? ದೇವ್ರ ವಸ್ತೂನ ಎಡಗೈಲಿ ಮುಟ್ತಾರಾ ಯಾರಾದ್ರೂ? ಎಡಗೈ ಯಾತಕ್ಕಾಯ್ತದೆ ಅಂತ ನಿಂಗೊತ್ತಿಲ್ವಾ? ಫಾದರ್‌ಗೂ ಅಂಗೇ ಏಳ್ದೆ. ಒಳ್ಳೇ ಭಕ್ತಿ ಅಂದ್ರು. ಫಾದರ್ರೇ ಒಪ್ಪವ್ರೆ, ನಿಂದೇನೇ ದೊಡ್ಡ ತಕರಾರು!

ಅಳ್ಬ್ಯಾಡ. ಅಳ್ಬ್ಯಾಡ ಅಂದೆ. ಈಗ್ಲೂ ಜೇಬಲ್ಲೇ ಐತೆ ಕೈ, ನೋಡು, ಇಡ್ಕಂಡಿದ್ದೀನಿ. ನನ್ನ ಕೆಣಕ್ಬ್ಯಾಡ ಲೂರ್ದಮ್ಮ. ಎಲ್ಲಿಗೋಯ್ತೀಯಾ? ಇಲ್ಬಾ! ಬಾ ಅಂದ್ರೆ... ಹೆದರ್ಕಬ್ಯಾಡ ಕಣೇ, ಎಂತದೂ ಮಾಡಕಿಲ್ಲ. ಯಾಕ್ ಮುಖಕ್ಕೆ ಕೈ ಅಡ್ಡ ಇಡ್ತೀಯಾ? ಸುಮ್ನೆ ನಿಂತಿರೋನ್ ಮುಂದೆ ಇಂಗ್ ಮುಖ ಮುಚ್ಕಂಡ್ರೆ ನೋಡ್ದೋರು ಏನಂದ್ಕಳಕಿಲ್ಲ! ಕೈ ಇಳ್ಸು. ಇಳ್ಸು, ಪಾಲಾಕ್ಷಪ್ಪೋರು ಬರೋ ಒತ್ತಾಯ್ತು.

ಇವತ್ತು ನಮ್ಮನೇಲಿ ಜಪಸರದ ಪ್ರಾರ್ಥನೆ ಐತೆ. ಹನ್ನೆರಡು ಮನೆ ಜನ ಬತ್ತಾರೆ. ನೀನು ಬೆಳಿಗ್ಗೇನೇ ಸಾರ್ಸಿ, ಮಾತೆ ಸ್ವರೂಪಕ್ಕೆ ಸೇವಂತಿಗೆ ಆಕಿದ್ದೀಯಾ. ಅವರೆಲ್ಲ ಬಂದು ನೋಡ್ತಾರೆ, ಮನೆ ಯಜಮಾನ ಎಲ್ಲಿ? ಲಾಕಪ್ಪಲ್ಲಿ! ನಿಂಗೂ ಮಾನ ಓಯ್ತದೆ ಕಣೇ, ನಂಗೊಬ್ನಿಗಲ್ಲ. ಇನ್ಮ್ಯಾಲೆ ಕುತ್ಗೇಗೇ ಆಕ್ಕತೀನಿ. ಬ್ಯಾಡ್ವಾ? ನೀನ್ ಏಳ್ದಂಗೆ ಕೇಳ್ತೀನಿ. ಎಡಗಡೆ ಜೇಬೇ ವಲ್ಕೊಡು, ಆಯ್ತಾ? ಈಗ್ಲಾದ್ರೂ ಹೂಂ ಅನ್ನು.

ಮಾಯಮ್ಮನತ್ರ ನೀನ್ ಏನೇಳಿದ್ದೆ? ಬೋರ್‌ವೆಲ್ ಅತ್ರ, ನೀರಿಡಿಯೋವಾಗ? ಏಳಿದ್ದೀಯಾ. ಏಳ್ದೆ ಇದ್ರೆ ಗುಂಡಯ್ಯನ್ ಬಾಯಿಗೆ ಎಂಗ್ ಬಂತು ಆ ಮಾತು? ನಾನು ಇವತ್ತು ಇಂಗ್ ನಿಂತಿರೋದು ನಿನ್ನಿಂದ! ಅವ್ನ ಹಲ್ಲುದುರಿದ್ದು ನಿನ್ ನಾಲ್ಗೆಯಿಂದ! ನೀನು...

ಶ್! ಬಂದ್ರು. ಕಣ್ಣೊರುಸ್ಕೋ. ಸೆರಗು ತುಟಿಗೆ ಅಡ್ಡ ಇಟ್ಕೋ.

ಬನ್ನಿ ಸಾ, ಬನ್ನಿ, ಕೂತ್ಕಳಿ. ಲೇ, ಸಾಹೇಬ್ರಿಗೆ ಕುರ್ಚಿ... ಇಲ್ಲ ಸಾ, ಬಿದ್ದ ಅವ್ನು. ನಾನ್ ಜಪ ಮಾಡ್ತಿದ್ದೆ ಸಾ. ಇಗಳಿ, ಜಪಸರ ನೋಡಿ. ನನ್ ಎಂಡ್ತೀನೇ ಕೇಳಿ. ಸುಳ್ಳು ಏಳೋಳಲ್ಲ ಅವ್ಳು.

ಕೇಳ್ತಾವ್ರಲ್ಲ, ಏಳು. ಈಗ್ಲೂ ಕೈ ಎತ್ತಾನಾ ಅಂತವ್ರೆ.

ಏಳೇ.

ಭಯ ಸಾ ಅವ್ಳಿಗೆ, ಪೊಲೀಸ್ನೋರ್ನ ಕಂಡ್ರೆ. ಲೂರ್ದಮ್ಮ... ಇಲ್ಲ ಅನ್ನು. ಒಂದೇ ಮಾತು, ಇಲ್ಲ ಅನ್ನೇ... ಅಂಗ್ ನೋಡ್ಬ್ಯಾಡ. ನನ್ ಮುಖ ನೋಡು. ಟವಲ್ ನೋಡ್ಬ್ಯಾಡ! ಸಾ, ನೀವ್ಯಾಕ್ ನೋಡ್ತೀರಾ? ಅವ್ಳ್ ನೋಡುದ್ಲು ಅಂತ ನೀವೂ ನೋಡೋದಾ? ಬ್ಯಾಡಿ ಸಾ, ಬಿಚ್ಬ್ಯಾಡಿ, ಗಾಯ ಐತೆ... ಸಲಾಕೆ ಗೀಚಿದ್ದು ಸಾ... ಅಯ್ಯೋ!

ಹೂಂ. ಗುಂಡಯ್ಯನ್ ಹಲ್ಲು ನೆಟ್ಟಿದ್ದೇಯ.

ಎಡಚ ಸಾ ನಾನು. ಹುಟ್ದಾಗ್ಲಿಂದ. ಫಾದರ್‌ಗೆ ಗೊತ್ತಿಲ್ಲ, ಇವ್ಳಿಗ್ ಗೊತ್ತು. ಗುಂಡಯ್ಯ ಅದ್ನೇ ಅಂದಿದ್ದು ಸಾ, ಬಲಗೈಲಿ ನಮೋ ಮರಿಯಾ, ಎಡಗೈಲಿ ಎಂಡ್ತಿ ಕೆನ್ನೆ ಅಂತ... ಅವ್ನ ಕೆಡವ್ಕಂಡು ಎದೆ ಮ್ಯಾಲ್ ಕೂತೆ. ಒಂದೇಟು ವಡ್ದೆ, ಜೇಬಲ್ಲಿ ಒಂದ್ ಮಣಿ ಜರುಗುಸ್ದೆ. ಇನ್ನೊಂದೇಟು, ಇನ್ನೊಂದ್ ಮಣಿ. ನಿಲ್ಲುಸ್ಬೇಕು ಅಂತ್ಲೇ ಜಪ ಮಾಡ್ತಿದ್ದೆ ಸಾ. ನಿಲ್ನೇ ಇಲ್ಲ. ಒಂದ್ ಸಾಲಿನ ಹತ್ತು ಮಣೀನೂ ಮುಗೀತು.

ನೀವೇ ನೋಡುದ್ರಲ್ಲ ಸಾ, ಅವ್ಳು ಒಂದ್ ಮಾತೂ ಆಡ್ನಿಲ್ಲ.