ಹಿಂದಿನ ಎಡ ಸ್ಪೀಕರು

ಅಯ್ಯೋ, ಎದ್ದೇಳ್ಬೇಡ್ವೇ! ಕುರ್ಚಿ ಒಂದಿಂಚು ಆಚೀಚೆ ಆದ್ರೂ ಎಲ್ಲಾ ಹಾಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೀನಲ್ಲ, ಅಲ್ಲೇ ಕೂತ್ಕೋ. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೇಲಿ ಆ ಗುಡುಗೋ ಡಬ್ಬ... ಯಾಕೆ ನಗ್ತೀಯಾ? ಹತ್ತು ದೇಶದ ಸಿನಿಮಾದೋರಿಗೆ ಬಾಂಬು, ಬಿರುಗಾಳಿ, ಕುದುರೆ ಓಟ ಅಂತ ಶಬ್ದ ಕೂರಿಸಿಕೊಟ್ಟೋಳು ನಾನು. ಸ್ವಂತ ಅಮ್ಮನ ಕೊನೇ ಹುಟ್ಟುಹಬ್ಬದ ವಿಡಿಯೋಗೆ ಕೂರಿಸಿದ್ರೆ ತಂಗಿಗೆ ನಗು! ನಗು, ನಗು. ನಾಳೆ ಅಮ್ಮ ಹೋಗಿ ಒಂದು ವರ್ಷ, ಇಡೀ ಬಳಗ ಇಲ್ಲೇ ಕೂತು ನೋಡ್ಬೇಕಾದ್ರೆ ಕಣ್ಣೀರೊರೆಸ್ಕೊಳ್ಳೋಕೆ ಸೆರಗು ಸಾಲಲ್ಲ ನಿಂಗೆ. ಒಬ್ಬೊಬ್ರಿಗೂ ಒಂದೊಂದು ಡಿಸ್ಕು ಬೇರೆ ಮಾಡಿಟ್ಟಿದೀನಿ, ಮೇಲೆ ಅಮ್ಮನ ಫೋಟೋ.

ಶ್... ಈಗ ಮಾವ ಸೀನ್ತಾರೆ. ಆಹಾ! ಡಬ್ಬಕ್ಕೆ ಹಾಕಿದೀನಿ ಅದನ್ನ. ಕಿಟಕಿ ಗಾಜು ಅಲ್ಲಾಡ್ತು ನೋಡು! ಆ ಮನುಷ್ಯನಿಗೆ ಜೀವಮಾನದಲ್ಲಿ ಸಿಕ್ಕ ದೊಡ್ಡ ಮರ್ಯಾದೆ ಇದೇ. ಅತ್ತೆ ಗೊಣಗಾಟ ಬಲಕ್ಕೆ. ನಿನ್ನ ಗಂಡನ ಬುದ್ಧಿಮಾತು ಎಡಕ್ಕೆ... ಸ್ವಲ್ಪ ಸಣ್ಣ ಮಾಡಿದೀನಿ, ಲೋಕೋಪಕಾರ. ಅಮ್ಮ ಮಾತ್ರ ನಟ್ಟನಡುವೆ. ಬದುಕಿದ್ದಾಗಲೂ ಬೇರೆ ಎಲ್ಲಿ ಕೂರ್ತಿದ್ಲು ಹೇಳು?

ಹಿಂದಿನ ಎರಡು ಸ್ಪೀಕರಾ? ಕಸುಬು ಇರೋದೇ ಅಲ್ಲಿ. ಕ್ಯಾಮೆರಾ ಹಿಡಿದೋಳು ನೀನು, ಅರ್ಧ ಚಿತ್ರದಲ್ಲಿ ನಿನ್ನ ಹೆಬ್ಬೆರಳು, ಇರ್ಲಿ ಬಿಡು. ಆ ಕ್ಯಾಮೆರಾಗೆ ಮುಂದಿನದು ಮಾತ್ರ ಕೇಳಿಸುತ್ತೆ. ನಿನ್ನ ಬೆನ್ನ ಹಿಂದಿನದನ್ನ ನಾವೇ ತುಂಬಬೇಕು. ಬಲಗಡೆ ರಸ್ತೆ, ಬಸ್ಸು, ನಾಯಿ... ಮೊನ್ನೆ ಕಿಟಕೀಲಿ ಮೈಕ್ ಇಟ್ಟು ಹಿಡಿದದ್ದು. ಎಡಗಡೆ... ತಡಿ, ಕೇಕ್ ಬಂತು. ಅಮ್ಮ ಚಾಕು ಕೆಳಗಿಟ್ಲು. ಕೇಳು: "ದೊಡ್ಡೋಳು ಬಂದ್ಲಾ?"

ಹಿಂದಕ್ಕೆ ತಿರುಗಿ ನೋಡ್ದೆ ನೀನು! ತಿರುಗಿ ನೋಡ್ದೆ ಕಣೇ! ಇದೇ ಬೇಕಿತ್ತು ನಂಗೆ!

...ಏನು? ಯಾವ ದನಿ? ಅದಾ... ಪಕ್ಕದ್ಮನೆಯೋರು ಯಾರೋ ಬಂದಿರ್ಬೇಕು. ಹಾಗೆ ನೋಡ್ಬೇಡ. ಹೌದು, ಪಕ್ಕದ್ಮನೆಯೋಳು "ಬಂದೆ ಅಮ್ಮ, ಬಂದೆ" ಅಂತ ಯಾಕಂತಾಳೆ... ಅದೂ ಸರಿ.

ಆಯ್ತು, ನಂದೇ. ಏನೀಗ? ಅವತ್ತು ವಿಮಾನ ರದ್ದಾಯ್ತು, ನನ್ನ ತಪ್ಪಾ? ಬಂದಿದ್ರೆ ಹಾಗೇ ಅಂತಿದ್ದೆ ತಾನೇ? ಮಾವನಿಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರಲ್ಲ, ಹೋದ ವರ್ಷ ಯಾರು ಬಂದಿದ್ರು ಅಂತ ಲೆಕ್ಕ ಇಟ್ಟಿರ್ತಾರಾ? ಎರಡು ಸಲ ಡಿಸ್ಕ್ ನೋಡಿದ್ರೆ "ಪಾಪ, ದೊಡ್ಡೋಳು ಎಲ್ಲಿದ್ರೂ ಓಡಿ ಬಂದಿದ್ಲು" ಅಂತ ಅವರೇ ಸಾಕ್ಷಿ ಹೇಳ್ತಾರೆ.

ಏನದು ಕೈ ತೋರಿಸ್ತಿರೋದು? ಬೀರು? ಬೀರುಗೇನಾಯ್ತು?

...ಅವತ್ತು ಅದಕ್ಕೆ ಒರಗಿ ನಿಂತು ಕ್ಯಾಮೆರಾ ಹಿಡಿದದ್ದಾ ನೀನು? ಬೆನ್ನಿಗಂಟಿಕೊಂಡೇ ಇತ್ತಾ?

ಹಾಗಾದ್ರೆ ನಾನು... ಅಯ್ಯಯ್ಯೋ! ಬೀರು ಒಳಗಿಂದ ಮಾತಾಡ್ತಿದೀನಿ! ಸೀರೆಗಳ ಮಧ್ಯೆ, ನುಸಿಗುಳಿಗೆ ಜೊತೆ! ತಮಾಷೆ ಗೊತ್ತಾ, ರೆಕಾರ್ಡ್ ಮಾಡಿದ್ದೂ ಹೋಟೆಲ್ ರೂಮಿನ ಬೀರು ಒಳಗೇ. ಕೋಟುಗಳ ನಡುವೆ ಕೂತ್ರೆ ದನಿ ಗುಂಯ್ ಅನ್ನಲ್ಲ, ಶುದ್ಧವಾಗಿ ಬರುತ್ತೆ. ಕತ್ತಲಲ್ಲಿ ಮಂಡಿ ಮಡಚ್ಕೊಂಡು ನಲವತ್ತೊಂದು ಸಲ "ಬಂದೆ ಅಮ್ಮ" ಅಂದಿದೀನಿ. ಮೊದಮೊದಲು ಯಾವ್ದೋ ನಾಟಕದ ದೊರೆಸಾನಿ ಥರ ಬರ್ತಿತ್ತು. ಆಮೇಲೆ... ಆಮೇಲೆ ಸರಿಹೋಯ್ತು.

ನಗೇ. ಈಗ ನಗಬಹುದು. ನಗೇ ಮಾರಾಯ್ತಿ.

ಎಲ್ಲಿಗೆ ಹೊರಟೆ? ಕುರ್ಚಿ... ಏ, ಆ ವೈರ್ ಮುಟ್ಬೇಡ! ಕಿತ್ತೇಬಿಟ್ಯಾ? ಹಿಂದಿನ ಎರಡೂನಾ? ಬೇಡ, ರಿಮೋಟಲ್ಲಿ ಹಿಂದಕ್ಕೆ ಒತ್ತಬೇಡ, ಆ ಜಾಗಕ್ಕೆ ಬೇಡ ಕಣೇ, ದಮ್ಮಯ್ಯ...

"ದೊಡ್ಡೋಳು ಬಂದ್ಲಾ?"

...

ಏಳು ಸೆಕೆಂಡು. ಗೊತ್ತು ನಂಗೆ. ಕಂಪ್ಯೂಟರ್ ಪರದೆ ಮೇಲೆ ಅಳೆದಿದ್ದೆ, ಸದ್ದಿಲ್ಲದ ಒಂದು ಚಪ್ಪಟೆ ಗೆರೆ ಅಷ್ಟೆ. ಮೂರು ಬೆರಳಗಲ. ಕೇಳಿರ್ಲಿಲ್ಲ... ದನಿ ಮುಚ್ಚಿಟ್ಟೇ ಅದರ ಮೇಲೆ ನಂದನ್ನ ಕೂರಿಸ್ದೆ. ಇಷ್ಟು ಹೊತ್ತು ಕಾದಿದ್ಲಾ? ಚಾಕು ಮುಟ್ಟದೇ? ಬಾಗಿಲ ಕಡೆ ನೋಡ್ಕೊಂಡು?

ಏನಾದ್ರೂ ಹೇಳೇ. ಬಯ್ಯಿ. ನೀನು ಸುಮ್ನಿದ್ರೆ ಅಮ್ಮನೂ ಸುಮ್ನಿರೋ ಥರ ಕೇಳಿಸುತ್ತೆ.

...

ಹಾರಿತ್ತು ಕಣೇ. ವಿಮಾನ. ಹೊತ್ತಿಗೆ ಸರಿಯಾಗಿ ಹಾರಿತ್ತು. ನನ್ನ ಹೆಸರು ಮೂರು ಸಲ ಕೂಗಿದ್ರು. ಗೇಟಿನ ಎದುರೇ ಕೂತು ಕಾಫಿ ಕುಡೀತಿದ್ದೆ. ಅಮ್ಮ ತುಂಬ ಇಳಿದುಹೋಗಿದಾಳೆ ಅಂತ ನೀನು ಫೋಟೋ ಕಳಿಸಿದ್ಯಲ್ಲ... ಲೋಕ ಸುತ್ತಿದ ಕಾಲು ಏಳಲೇ ಇಲ್ಲ.

ಕಿತ್ತ ವೈರ್ ಹಾಗೇ ಇರ್ಲಿ. ನಾಳೆ ಎಲ್ಲರಿಗೂ ಹೀಗೇ ತೋರ್ಸು.