ದೇಸಾಯರ ಮೋಟಾರಿನ ರಬ್ಬರ್ ಹಾಸು

ಬೈಲಹೊಂಗಲದ ಪೇಟೆಯಲ್ಲಿ ಕಿತ್ತ ಚಪ್ಪಲಿ ಹೊಲಿಸಲು ಕುಳಿತಿದ್ದೆ. ಆ ಸೀಮೆಗೆಲ್ಲ ಇದ್ದ ಒಂದೇ ಮೋಟಾರನ್ನು ನಡೆಸುವ ಮಾಳಪ್ಪ, ಅದರ ಕಾಲಡಿಯ ರಬ್ಬರ್ ಹಾಸನ್ನು ಸುರುಳಿ ಸುತ್ತಿ ತಂದು ಚಪ್ಪಲಿ ಹೊಲಿಯುವ ಪರಸಪ್ಪನ ಮುಂದೆ ಬಿಚ್ಚಿದ.

“ಪರಸಪ್ಪಣ್ಣ, ಇದಕ್ಕ ತ್ಯಾಪಿ ಹಚ್ಚು. ‘ಇನ್ನೊಂದು ತೂತು ಬಿದ್ರ ನಿನ್ನನ್ನ ದನದ ಕೊಟ್ಟಗಿ ಸಗಣಿ ಬಳ್ಯಾಕ ಹಚ್ಚತೇನಿ’ ಅಂದಾರ ದೇಸಾಯರು.”

“ನಿನ್ನ ಬೂಟಿನ ಮೊಳಿ ತಾಗಿರಬೇಕು.”

“ನಾ ಮುಂದ ಕುಂದರತೇನಿ. ಇದು ಹಿಂದಿನ ಹಾಸು, ದೇಸಾಯರ ಕಾಲ ಕೆಳಗಿಂದು.”

“ಮತ್ತ ತೂತು ಹೆಂಗ ಬಿತ್ತು?”

“ಅವರ ಕೋಲಿನ ತುದಿಗಿ ಕಬ್ಬಿಣ ಐತಿ. ಸವದತ್ತಿ ಏರು ಬಂತಂದ್ರ ‘ಹೋ ಹೋ, ನಡಿ ಮಗನ’ ಅಂತ ತಳಕ್ಕ ತಿವಿತಾರ.”

“ಮೋಟಾರಿಗಿ?”

“ಹ್ಞೂಂ, ಎತ್ತಿಗಿ ತಿವಿದಂಗ.”

“ತಿವಿದ್ರ ಓಡತೈತೇನೊ?”

“ನಾನ ಜೋರ ಬಿಡತೇನಿ. ಇಲ್ಲಂದ್ರ ಇನ್ನೊಮ್ಮಿ ತಿವಿತಾರಲ್ಲ!”

ಪರಸಪ್ಪ ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕ.

“ಅಲ್ಲೋ ಹುಚ್ಚಪ್ಪ, ತಿವಿದಾಗೊಮ್ಮಿ ಓಡಿಸಿ ಅವರಿಗಿ ರೂಢಿ ಹಚ್ಚಿದಾಂವ ನೀನ!”

“ಹೌದಲ್ಲ! ಈಗೇನ ಮಾಡ್ಲೊ ಯಣ್ಣಾ?”

“ಭಾಳ ತಿವಿದ್ರ ಎತ್ತು ಏನ ಮಾಡತೈತಿ?”

“ನೆಲಾ ಹಿಡಿದು ಮಲಗತೈತಿ.”

“ನಿನ್ನ ಮೋಟಾರೂ ಮಲಗಲಿ. ನಾಳಿಂದ ಅವರು ತಿವಿದ ಕೂಡಲೇ ನಿಲ್ಲಿಸಿಬಿಡು.”

“ಯಾಕ ನಿಂತಿತು ಅಂತ ಕೇಳಿದ್ರ?”

“‘ಸಿಟ್ಟಾಗೈತ್ರಿ ಧಣ್ಯಾರ, ಕೋಲು ಇಟ್ಟು ಒಂದೀಟು ಬೆನ್ನು ಸವರ್ರಿ’ ಅನ್ನು.”

ತೇಪೆ ಬಿದ್ದ ಹಾಸನ್ನು ಹೆಗಲಿಗೇರಿಸಿ ಮಾಳಪ್ಪ ಹೊರಟ. “ಸಿಟ್ಟಾಗೈತ್ರಿ ಧಣ್ಯಾರ” ಎಂಬುದನ್ನು ಒಮ್ಮೆ ಅಳುದನಿಯಲ್ಲಿ, ಒಮ್ಮೆ ದನದ ವೈದ್ಯನ ಗತ್ತಿನಲ್ಲಿ ಹೇಳಿ ನೋಡುತ್ತ ಪೇಟೆಯ ಮೂಲೆ ತಿರುಗಿದ.