ತಾತ ಹೊಲಿದ ಜಾಕೀಟು

ತಿರುಪ್ಪೂರಿನ ಬಸ್ಸಿನಲ್ಲಿ ತನ್ನ ಮನೆಮಾತು ಕನ್ನಡ ಕೇಳಿ ಜಯಪ್ರಿಯಾಳ ಕಿವಿ ನಿಮಿರಿತು. ಮುಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು.

“ನೀ ಹೊಲಿದ ಜಾಕೀಟು ಎಡಗಡೆ ಜಾರ್ತದೆ, ಕಣ್ಣು.” ಅಜ್ಜಿ ರವಿಕೆಯ ಭುಜ ಮೇಲೆಳೆದುಕೊಂಡಳು.

“ತಾತ ಹೊಲಿದ ಹಳೇದನ್ನೇ ಪೇಪರ್ ಮೇಲಿಟ್ಟು ಪ್ಯಾಟರ್ನ್ ತೆಗೆದೆ, ಅಜ್ಜಿ.”

“ಇದ್ದಂಗೇ ತೆಗೆದ್ಯಾ?”

“ಎಡ ಭುಜ ಮಾತ್ರ ಅರ್ಧ ಇಂಚು ಇಳಿದಿತ್ತು. ನಮ್ಮ ಬನಿಯನ್ ಕಂಪನೀಲಿ ಎರಡು ಕಡೇನೂ ಸಮ ಇರಬೇಕು. ತಾತನ ತಪ್ಪು ಸರಿ ಮಾಡಿದೆ.”

“ಅವರು ನನಗೆ ಟೇಪ್ ಹಿಡಿದವರೇ ಅಲ್ಲ. ಒಂದು ಸಲ ನೋಡಿ ಕತ್ತರಿ ಹಾಕೋರು.”

“ಅದಕ್ಕೇ ತಪ್ಪಿದೆ.”

“ನಲವತ್ತು ವರ್ಷ ಒಂದೂ ಜಾರಲಿಲ್ಲ.”

ಪಲ್ಲಡಂ ಸ್ಟಾಪ್ ಬಂತು. ಅಜ್ಜಿ ಇಳಿದು ಮುಂದೆ ನಡೆದಳು. ಹಿಂದೆ ಇಳಿಯುತ್ತಿದ್ದ ಮೊಮ್ಮಗಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಜಯಪ್ರಿಯಾಳೂ ಕಿಟಕಿಯಿಂದ ಬಗ್ಗಿ ನೋಡಿದಳು.

ಅಜ್ಜಿಯ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿತ್ತು.